ಮುಗೀತೇನ್ರಿ?

ತೊಂಬತ್ತರ ದಶಕದಲ್ಲಿ ಆಳಂದದ ನಮ್ಮ ಕಂಪ್ಯೂಟರ್ ಕೇಂದ್ರದಲ್ಲಿ ಮೂರು ಯಂತ್ರಗಳಿಗೆ ಒಂದೇ ಡಿಸ್ಕು. ಅರ್ಧ ಆದ ಕೆಲಸದ ತಾತ್ಕಾಲಿಕ ಫೈಲುಗಳೆಲ್ಲ ಅದರ ಒಂದೇ ಫೋಲ್ಡರಿಗೆ ಬೀಳುತ್ತಿದ್ದವು. ಯಾವುದು ಯಾರದೆಂದು ತಿಳಿಯಲು, ಕೇಂದ್ರ ನೋಡಿಕೊಳ್ಳುತ್ತಿದ್ದ ಅಕ್ಕೋರು ಯಂತ್ರಗಳಿಗೆ ಆಳಂದ, ಅಫಜಲಪುರ, ಜೇವರ್ಗಿ ಎಂದು ಹೆಸರಿಟ್ಟು, ಆ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರವನ್ನು ಫೈಲುಗಳ ಹೆಸರಿನ ಮುಂದೆ ಸೇರಿಸಿದ್ದರು.

ಒಂದು ಮಧ್ಯಾಹ್ನ ಡಿಸ್ಕು ತುಂಬಿತು. ಆಳಂದ ಯಂತ್ರದ ಕೆಲಸ ಮುಗಿದಿತ್ತೆಂದು ಅವರು ‘ಎ’ಯಿಂದ ಶುರುವಾಗುವ ಫೈಲುಗಳನ್ನೆಲ್ಲ ಅಳಿಸಿದರು. ಅಫಜಲಪುರದ ಮುಂದೆ ಕುಳಿತಿದ್ದ ನಾನು ಬೆಳಗಿನಿಂದ ಟೈಪು ಹೊಡೆದ ನರೋಣಾದ ಮತದಾರರ ಪಟ್ಟಿಯೂ ಹೋಯಿತು. ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

“ಎರಡೂ ಊರಿಗೆ ಎ ಬರ್ತದ ಅನ್ನೋದು ನನಗ ಹೊಳೀಲೇ ಇಲ್ಲ ನೋಡ್ರಿ.”

ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಹೆಸರು ಓದಿ ಹೇಳಿದರು. ನಾನು ಮತ್ತೆ ಹೊಡೆದೆ.

ಅಂದಿನಿಂದ ಕೇಳದೆ ಅವರು ಏನನ್ನೂ ಅಳಿಸಲಿಲ್ಲ. “ಮುಗೀತೇನ್ರಿ?” ಎಂಬುದು ಬಾಯಿಗೆ ಅಂಟಿಕೊಂಡಿತು. ನಮ್ಮ ಚಹಾದ ಕಪ್ಪು ಎತ್ತುವಾಗಲೂ, ಫ್ಯಾನು ಆರಿಸುವಾಗಲೂ ಅದೇ ಮಾತು.

ಮದುವೆಯಾಗಿ ಅವರು ಸೊಲ್ಲಾಪುರಕ್ಕೆ ಹೋದರು. ಡಿಸ್ಕು ಮತ್ತೆ ತುಂಬಿದಾಗ ನೋಡಿದರೆ, ಅವರು ಕೂರುತ್ತಿದ್ದ ಜೇವರ್ಗಿ ಯಂತ್ರದ್ದೊಂದು ಫೈಲು ಉಳಿದಿತ್ತು. ಖಾಲಿ ಕುರ್ಚಿಯ ಕಡೆ ತಿರುಗಿ, “ಮುಗೀತೇನ್ರಿ ಅಕ್ಕೋರೆ?” ಎಂದೆ.

ಉತ್ತರ ಬರಲಿಲ್ಲವೆಂದು ಅದನ್ನು ಹಾಗೇ ಬಿಟ್ಟೆ.