ಬರಿಗೊರಳು

ಎಂಆರ್‌ಐ ಕೋಣೆಯ ಬಾಗಿಲ ತನಕ ಹೋಗಿ ಅವ್ವ ತಿರುಗಿ ಬಂದಳು.

ಅಷ್ಟರೊಳಗೆ ಆಕೆ ಕಿವಿಯೋಲೆ ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದಳು. ಹಲ್ಲಿನ ಸೆಟ್ಟನ್ನೂ ಗೊಣಗದೆ ತೆಗೆದು ಕರವಸ್ತ್ರದಲ್ಲಿ ಸುತ್ತಿ ಕೊಟ್ಟಿದ್ದಳು. ಕಡೆಗೆ ಅಲ್ಲಿಯ ನರ್ಸ್, "ಅಜ್ಜೀ, ಕೊರಳಾಗಿಂದೂ ತಗೀರಿ" ಎಂದಳು. ಅವ್ವ ಸೆರಗನ್ನು ಎದೆಗೆ ಒತ್ತಿ ಹಿಡಿದು, "ಇದನ್ನ ತಗಿಯಂಗಿಲ್ಲ ತಂಗಿ, ಇದು ನನ್ನ ಕೂಡನ ಮಣ್ಣಿಗೆ ಹೋಗೂದು" ಎಂದವಳೇ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ನಾನು ಹಲ್ಲಿನ ಸೆಟ್ಟು ಹಿಡಿದುಕೊಂಡು ಹಿಂದೆ ಓಡಿದೆ.

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆತನ. ಕೂಸಿಗೆ ಕಟ್ಟಿದ ಲಿಂಗ ಸಾಯುವವರೆಗೆ ಮೈ ಬಿಡಬಾರದು. ಅವ್ವನ ಲಿಂಗ ಶಿವದಾರದಲ್ಲಿ ತೂಗುವ ಬೆಳ್ಳಿಯ ಪುಟ್ಟ ಕರಡಿಗೆಯೊಳಗೆ ಇರುತ್ತದೆ. ಸ್ನಾನ ಮಾಡಿ, ಅದನ್ನು ತೆಗೆದು ಎಡಗೈಯ ಅಂಗೈ ಮೇಲಿಟ್ಟು ಪೂಜೆ ಮಾಡದೆ ಆಕೆ ಒಂದು ಗುಟುಕು ಚಹಾ ಕುಡಿದದ್ದನ್ನು ನಾನು ಕಂಡಿಲ್ಲ. ತೊಂದರೆ ಶುರುವಾದದ್ದೂ ಆ ಕೈಯಿಂದಲೇ. ಮೊದಲು ತಲೆನೋವು ಎನ್ನುತ್ತಿದ್ದಳು. ಆಮೇಲೆ ಪೂಜೆಗೆ ಕೂತಾಗ ಅಂಗೈ ನಡುಗಿ ಲಿಂಗ ಜಾರತೊಡಗಿತು. ಡಾಕ್ಟರು ನೋಡಿ, ತಲೆಯೊಳಗೆ ಏನೋ ಒತ್ತುತ್ತಿರಬಹುದು, ಸ್ಕ್ಯಾನ್ ಮಾಡದೆ ಹೇಳಲು ಬರುವುದಿಲ್ಲ, ತಡ ಮಾಡಬೇಡಿ ಎಂದಿದ್ದರು.

ನಾನು ಧಾರವಾಡದ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ದೇವರನ್ನು ನಂಬುವುದಿಲ್ಲ. ಇದು ಗೊತ್ತಾದ ಕೂಡಲೇ ಜನ ನನ್ನ ಮುಖ ಬಿಟ್ಟು ಕೊರಳು ನೋಡುತ್ತಾರೆ. ಅಲ್ಲಿ ಏನೂ ಇಲ್ಲ. ಬಿಎಸ್ಸಿ ಓದುವಾಗ ಒಂದು ದಿನ ನನ್ನ ಲಿಂಗ ಬಿಚ್ಚಿ ಅವ್ವನ ಕೈಗಿಟ್ಟು, "ನಂಬಿಕಿ ಇಲ್ಲದ ಕಟಗೊಂಡು ಅಡ್ಡಾಡಿದ್ರ ನಿನಗ ಮೋಸ ಮಾಡಿದಂಗ ಆಕ್ಕೈತವಾ" ಎಂದೆ. ಅಪ್ಪ ಅಂದು ಊಟಕ್ಕೇ ಬರಲಿಲ್ಲ. ಅವ್ವ ನನ್ನನ್ನು ನೋಡಿ, "ಮುಚ್ಚಿ ಇಟಗೊಳ್ಳಲಿಲ್ಲಲ್ಲ, ಅಷ್ಟರ ಮಟ್ಟಿಗೆ ಛಲೋ ಆತು" ಎಂದು ಒಳಗೆ ಹೋದಳು. ಆಮೇಲೆ ಎಷ್ಟೋ ದಿನ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ.

ಮದುವೆಯಾದದ್ದು ಸರಕಾರಿ ನೌಕರಿಯಲ್ಲಿದ್ದ ಬೌದ್ಧ ಮನೆತನದ ಹುಡುಗನನ್ನು, ರಿಜಿಸ್ಟರ್ ಆಫೀಸಿನಲ್ಲಿ, ತಾಳಿ ಇಲ್ಲದೆ. ಅಂದಿನಿಂದ ನಮ್ಮ ಕಡೆಯ ಲಗ್ನದ ಮನೆಗಳಲ್ಲಿ ಹೆಂಗಸರ ಕಣ್ಣು ನನ್ನ ಬರಿಗೊರಳಿಗೆ ಬಂದು ನಿಲ್ಲುತ್ತದೆ. ಗೋಪನಕೊಪ್ಪದ ನಮ್ಮ ಓಣಿಯಲ್ಲಿ ಒಬ್ಬಾಕೆ ನಾನು ಗಂಡ ಸತ್ತವಳೆಂದೇ ತಿಳಿದಿದ್ದಳು; ನನ್ನ ಗಂಡ ಹಾಲಿನ ಪಾಕೀಟು ತರುವುದನ್ನು ಕಂಡು ಯಾರೋ ನೆಂಟರೆಂದುಕೊಂಡಳಂತೆ. ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆದರೆ ಪ್ರತಿ ಸಲ ನಗು ಬರುವುದಿಲ್ಲ.

ಅವ್ವ ಇರುವುದು ಅಣ್ಣನ ಸಂಸಾರದ ಜೊತೆ, ದುರ್ಗದಬೈಲಿನಲ್ಲಿ. ಕೆಳಗೆ ಬಟ್ಟೆ ಅಂಗಡಿ, ಮೇಲೆ ಮನೆ. ಸ್ಕ್ಯಾನ್ ತಪ್ಪಿಸಿಕೊಂಡು ಬಂದ ಆ ಸಂಜೆ ಅಣ್ಣ ನಿರಾಳವಾಗಿಯೇ ಇದ್ದ.

"ಆಕಿ ಮನಸ್ಸಿಗೆ ವಿರುದ್ಧ ಯಾಕ ಹೋಗೂದು? ಮಠದ ಅಜ್ಜಾರು ಭಸ್ಮ ಕೊಟ್ಟಾರ. ಸ್ವಲ್ಪ ದಿನ ಹಚ್ಚಿ ನೋಡೂಣು."

"ತಲಿಯಾಗ ಏನೋ ಒತ್ತಾಕತ್ತೈತಿ ಅಂತ ಡಾಕ್ಟರ್ ಹೇಳ್ಯಾರ. ಅದು ನಿನ್ನ ಭಸ್ಮಕ್ಕ ಕಾಯತೈತೇನು?"

"ನಿನಗ ದೇವರಂದ್ರ ಸಿಟ್ಟು, ಅದಕ್ಕ ಹಿಂಗಂತಿ."

"ಇಲ್ಲದವರ ಮ್ಯಾಲೆ ಏನು ಸಿಟ್ಟಣ್ಣಾ? ನನಗ ಸಿಟ್ಟು ಬಂದಿದ್ದು ನಿನ್ನ ಮ್ಯಾಲೆ."

ಮರುದಿನ ಕಾಲೇಜಿನ ಲ್ಯಾಬಿನಿಂದ ಒಂದು ಆಯಸ್ಕಾಂತ ತಂದೆ. ಅವ್ವನನ್ನು ಕೂರಿಸಿ, ಒಪ್ಪಿಗೆ ಕೇಳಿ, ಆಕೆಯ ಕೈಯಿಂದಲೇ ಕರಡಿಗೆ ತೆರೆಸಿ, ಲಿಂಗದ ಹತ್ತಿರ ಆಯಸ್ಕಾಂತ ಹಿಡಿದೆ. ಅಣ್ಣ, "ಲಿಂಗಕ್ಕ ಪರೀಕ್ಷಾ ಮಾಡ್ತಿಯೇನು!" ಎಂದು ಚೀರಿದ. "ಇರಲಿ ಬಿಡೋ, ಅದಕ್ಕೇನು ನೋವಾಕ್ಕೈತೇನು" ಎಂದ ಅವ್ವನಿಗೆ ನನಗಿಂತ ಹೆಚ್ಚು ಕುತೂಹಲ. ಲಿಂಗ ಮಿಸುಕಲಿಲ್ಲ. ಕರಡಿಗೆಯ ಮುಚ್ಚಳದ ಸಣ್ಣ ಮೊಳೆ ಮಾತ್ರ ಟಕ್ಕೆಂದು ಬಂದು ಅಂಟಿತು. ಬೆಳ್ಳಿಯೊಳಗೆ ಒಂದು ಚೂರು ಕಬ್ಬಿಣ ಇತ್ತು.

ಕರಡಿಗೆ ಬಿಟ್ಟು ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಒಳಗೆ ಹೋಗು ಎಂದು ನಾನು ಆಗಲೇ ಹೇಳಬಹುದಿತ್ತು. ಎಲ್ಲರೂ ಖುಷಿಯಾಗುತ್ತಿದ್ದರು. ಆದರೆ ಲಿಂಗದ ಮೇಲಿನ ಕಪ್ಪು ಲೇಪದಲ್ಲಿ ಏನೇನು ಬೆರೆಸಿದ್ದಾರೋ ಬಲ್ಲವರಿಲ್ಲ. ನನ್ನ ಲ್ಯಾಬಿನ ಆಯಸ್ಕಾಂತ ಆ ದೊಡ್ಡ ಮಷಿನ್ನಿನ ಮುಂದೆ ಯಾವ ಲೆಕ್ಕಕ್ಕೂ ಇಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕೆಂದು ದಿನಾ ಮಕ್ಕಳಿಗೆ ಹೇಳುವವಳು ನಾನು. ಅವ್ವನ ತಲೆಯ ವಿಷಯದಲ್ಲಿ ಅಂದಾಜಿನ ಮೇಲೆ ಹೋಗಲು ನಾನು ತಯಾರಿರಲಿಲ್ಲ.

"ಅವ್ವಾ, ತಗೀಲೇಬೇಕು" ಎಂದೆ.

ದೇವರ ಜಗಲಿಯ ಮೇಲೆ ಇಡೋಣ ಎಂದ ಅಣ್ಣ. ಜಗಲಿಯ ಮೇಲಿಟ್ಟರೆ ಮೈ ಬಿಟ್ಟಂತಾಯಿತು ಎಂದಳು ಅವ್ವ. ಹಾಗಿದ್ದರೆ ತಾನು ಕಟ್ಟಿಕೊಳ್ಳುತ್ತೇನೆ ಎಂದ. "ಒಂದು ಕೊರಳಾಗ ಎರಡು ಲಿಂಗ ಇರಬಾರದೋ" ಎಂದಳು. ಆ ಮನೆಯಲ್ಲಿ ಎಲ್ಲರ ಕೊರಳಲ್ಲೂ ಒಂದೊಂದು ಇತ್ತು. ಅವ್ವ ಒಬ್ಬೊಬ್ಬರನ್ನೇ ನೋಡುತ್ತ ಬಂದು ನನ್ನ ಕೊರಳಿಗೆ ನಿಂತಳು. ಆ ನೋಟ ನನಗೆ ಹೊಸದಲ್ಲ. ಆದರೆ ಅಂದು ಅದರಲ್ಲಿ ಬೇರೆಯೇ ಏನೋ ಇತ್ತು.

"ನಿನ್ನ ಕೊರಳು ಖಾಲಿ ಐತಲ್ಲ" ಎಂದಳು.

"ನಾ ನಂಬೂದಿಲ್ಲವಾ."

"ನಂಬು ಅಂದ್ನೇನು? ಹಿಡಕೋ ಅಂದೆ."

"ಪೂಜಿ ಮಾಡೂದಿಲ್ಲ."

"ಮಾಡಬ್ಯಾಡ. ನಾ ಹೊರಗ ಬರೂತನಕ ತಗೀಬ್ಯಾಡ, ಎಲ್ಲೂ ಇಡಬ್ಯಾಡ. ಅಷ್ಟ ಸಾಕು."

ಅಣ್ಣನ ಮುಖ ಸಪ್ಪಗಾಯಿತು. ಇಷ್ಟು ವರ್ಷ ನೇಮದಿಂದ ಪೂಜೆ ಮಾಡಿದವನು ಅವನು. ನನಗೂ ಒಳಗೊಳಗೆ ಇರುಸುಮುರುಸು. ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ, "ನಿನ್ನ ಮನಸ್ಸಿಗೆ ಒಪ್ಪಿಗಿ ಐತೇನು?" ಎಂದು ಕೇಳಿದ. ಲಿಂಗ ಅವ್ವಂದು, ಕೊರಳು ನಂದು, ನಡುವೆ ಸುಳ್ಳು ಇಲ್ಲ ಎಂದೆ. ಹಾಗೆ ಹೇಳಿದ ಮೇಲೆ ನನಗೇ ಅದು ಸರಿ ಎನ್ನಿಸಿತು.

ಎರಡನೆಯ ಸಲ ಸ್ಕ್ಯಾನಿಗೆ ಹೋದಾಗ ಅವ್ವ ತಾನೇ ಶಿವದಾರ ಬಿಚ್ಚಿ ನನಗೆ ಹಾಕಿ, ಹಿಂದೆ ನೋಡದೆ ಒಳಗೆ ನಡೆದಳು. ಕರಡಿಗೆ ಅವಳ ಮೈಯ ಬಿಸಿಯಿಂದ ಬೆಚ್ಚಗಿತ್ತು. ಹೊರಗೆ ಬೆಂಚಿನ ಮೇಲೆ ಅಪ್ಪನ ಕಾಲದ ಅರಳೆ ವ್ಯಾಪಾರಿ ಕಾಕಾ ಒಬ್ಬರು ಮೊಣಕಾಲು ತೋರಿಸಲು ಬಂದು ಕೂತಿದ್ದರು. ನನ್ನ ಕೊರಳು ಕಂಡು ಅವರ ಮುಖ ಅರಳಿತು.

"ಅಂತೂ ದಾರಿಗೆ ಬಂದೆಲ್ಲವಾ! ನಿಮ್ಮಪ್ಪ ಇರಬೇಕಾಗಿತ್ತು ಇವತ್ತ."

ಸುಮ್ಮನೆ ನಕ್ಕಿದ್ದರೆ ಮುಗಿಯುತ್ತಿತ್ತು. ಹಿರಿಯರು, ಪ್ರೀತಿಯಿಂದ ಹೇಳಿದ್ದರು. ಆದರೆ ಅಪ್ಪನ ಹೆಸರು ಎತ್ತಿದ್ದರಿಂದಲೇ ಸುಮ್ಮನಿರಲು ಆಗಲಿಲ್ಲ.

"ಇಲ್ರಿ ಕಾಕಾ, ಇದು ಅವ್ವಂದು. ಆಕಿ ಒಳಗ ಅದಾಳ. ನಾ ಮೊದಲ ಇದ್ದಂಗ ಅದೀನ್ರಿ."

"ನಂಬಿಕಿ ಇಲ್ಲದ ಯಾಕ ಹಾಕ್ಕೊಂಡಿ ಮತ್ತ?"

"ಅವ್ವ ಕೇಳಿದ್ಳರಿ. ಹಿಡಕೊಂಡು ಕುಂತೇನಿ."

ಕಾಕಾ ತಲೆ ಅಲ್ಲಾಡಿಸಿ, ಜೇಬಿನಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು ಕೊಟ್ಟರು. ಒಳಗಿನಿಂದ ಮಷಿನ್ನಿನ ಟಕಟಕ ಸದ್ದು ಬರುತ್ತಿತ್ತು. ನಮ್ಮ ಮೈಯೊಳಗಿನ ನೀರಿನಲ್ಲಿ ಲೆಕ್ಕವಿಲ್ಲದಷ್ಟು ಪುಟ್ಟ ಪುಟ್ಟ ಆಯಸ್ಕಾಂತಗಳಿರುತ್ತವೆ. ಮಷಿನ್ನಿನ ಸೆಳೆತಕ್ಕೆ ಅವು ಸಾಲಾಗಿ ನಿಲ್ಲುತ್ತವೆ, ಮೆಲ್ಲಗೆ ತಟ್ಟಿದರೆ ವಾಲುತ್ತವೆ, ಮತ್ತೆ ತಮ್ಮ ಜಾಗಕ್ಕೆ ಮರಳುವಾಗ ಸುಳಿವು ಕೊಡುತ್ತವೆ, ಆ ಸುಳಿವಿನಿಂದ ಚಿತ್ರ ಮೂಡುತ್ತದೆ. ಎಷ್ಟೋ ಸಲ ಕಲಿಸಿದ ಪಾಠ. ತಲೆ ಸೀಳದೆ ತಲೆಯೊಳಗೆ ನೋಡುವುದನ್ನು ಮನುಷ್ಯರೇ ತಿಣುಕಿ, ತಪ್ಪು ಮಾಡಿ, ತಿದ್ದಿಕೊಂಡು ಕಂಡುಹಿಡಿದರಲ್ಲ ಎಂದು ಅಂದು ನನ್ನ ಎದೆ ತುಂಬಿ ಬಂತು. ಅದೇ ಎದೆಯ ಮೇಲೆ ಅವ್ವನ ಲಿಂಗ ತೂಗುತ್ತಿತ್ತು.

ರಿಪೋರ್ಟ್ ಬಂತು. ಮಿದುಳಿನ ಮೇಲಿನ ಪೊರೆಯಲ್ಲಿ ಒಂದು ಗಡ್ಡೆ. ಕ್ಯಾನ್ಸರಿನಂತೆ ಕಾಣುವುದಿಲ್ಲ, ತೆಗೆಯಬಹುದು ಎಂದರು ಡಾಕ್ಟರು. ಈ ವಯಸ್ಸಿನಲ್ಲಿ ತಲೆ ತೆರೆಯುವುದು ಜೀವಕ್ಕೆ ಅಪಾಯವೂ ಹೌದು. ಹಾಗೇ ಬಿಟ್ಟರೆ ಮೊದಲು ಕೈ ಹೋಗುತ್ತದೆ, ಆಮೇಲೆ ಕಾಲು ಎಂದರು. ಹೊರಗೆ ಬಂದ ಮೇಲೆ ಅಣ್ಣ ನನ್ನ ತೋಳು ಹಿಡಿದು, "ಆಕಿಗೆ ಹೇಳಬ್ಯಾಡ. ನರದ ದೋಷ ಅನ್ನೂಣು. ಹೆದರಿ ಪ್ರಾಣ ಬಿಟ್ಟಾಳು" ಎಂದ. ಅವನ ಕಣ್ಣಲ್ಲಿ ನೀರಿತ್ತು. ಅವನಿಗೆ ಅವ್ವನ ಮೇಲೆ ನನಗಿಂತ ಕಡಿಮೆ ಪ್ರೀತಿ ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ.

ಮನೆಗೆ ಹೋಗಿ ಅಣ್ಣ ಹಾಗೆಯೇ ಹೇಳಿದ. ಅವ್ವ ಕೇಳಿ, ಅವನನ್ನು ಅಂಗಡಿ ನೋಡು ಹೋಗೆಂದು ಕೆಳಗೆ ಕಳಿಸಿದಳು. ಆಮೇಲೆ ನನ್ನತ್ತ ತಿರುಗಿದಳು.

"ನಿಮ್ಮಣ್ಣ ನರದ ದೋಷ ಅಂತಾನ. ನೀ ಹೇಳು."

ನಾನು ರಿಪೋರ್ಟಿನ ಲಕೋಟೆಯನ್ನು ಚೀಲದೊಳಗೆ ತುರುಕತೊಡಗಿದೆ.

"ದೇವರಿಗೆ ನೀ ಇಲ್ಲ ಅಂದಾಕಿ. ನನಗ ಹೆದರಿ ಸುಳ್ಳು ಹೇಳ್ತಿಯೇನು?"

ಎಲ್ಲವನ್ನೂ ಹೇಳಿದೆ. ಗಡ್ಡೆ ಎಲ್ಲಿದೆ, ಹೇಗೆ ತೆಗೆಯುತ್ತಾರೆ, ಏನಾಗಬಹುದು, ಬಿಟ್ಟರೆ ಏನು. ಆಕೆ ಎಡಗೈಯ ಬೆರಳುಗಳನ್ನು ಮಡಚುತ್ತ ಬಿಡಿಸುತ್ತ ಕೇಳಿದಳು. ಒಂದು ಬೆರಳು ಪೂರ್ತಿ ಮಡಚಿಕೊಳ್ಳುತ್ತಿರಲಿಲ್ಲ.

"ತಗಸೂಣು" ಎಂದಳು. "ಈ ಕೈ ಹ್ವಾದ್ರ ಪೂಜಿ ಯಾವ ಕೈಯಾಗ ಮಾಡ್ಲಿ?"

ಅವಳ ಕಾರಣ ನನ್ನದಲ್ಲ. ಆದರೆ ನಿರ್ಧಾರ ನನ್ನ ಮನಸ್ಸಿನಲ್ಲಿದ್ದದ್ದೇ, ನನ್ನದಕ್ಕಿಂತ ಗಟ್ಟಿಯಾಗಿತ್ತು. ಅಣ್ಣ ಆಪರೇಶನ್ನಿನ ದಿನದವರೆಗೂ ನನ್ನೊಡನೆ ಮಾತು ಬಿಟ್ಟ.

ಆ ದಿನ ಬೆಳಿಗ್ಗೆ ಅವ್ವನ ಕೂದಲು ಬೋಳಿಸಿದ್ದರು. ಹಸಿರು ಗೌನಿನಲ್ಲಿ ಬೇರೆ ಯಾರೋ ಅನ್ನಿಸುವಷ್ಟು ಚಿಕ್ಕವಳಾಗಿ ಕಂಡಳು. ಅಣ್ಣ ಲಿಂಗ ಇಸಿದುಕೊಳ್ಳಲು ಒಂದು ಬಿಳಿ ರೇಷ್ಮೆ ವಸ್ತ್ರ ಮಡಚಿ ತಂದು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಅವ್ವ ಅವನ ಗಲ್ಲ ಸವರಿ, ಅವನನ್ನು ದಾಟಿ, ಲಿಂಗವನ್ನು ನನ್ನ ಕೊರಳಿಗೆ ಹಾಕಿದಳು.

ಆಪರೇಶನ್ ಥಿಯೇಟರಿನ ಬಾಗಿಲು ಮುಚ್ಚಿತು. ಅಣ್ಣ ಕಣ್ಣು ಮುಚ್ಚಿ ಮಂತ್ರ ಪಠಿಸತೊಡಗಿದ. ಅವನ ತುಟಿ ಅಲುಗುವುದನ್ನು ನೋಡುತ್ತ ನನಗೆ ಅಸೂಯೆಯಾಯಿತು. ಅವನಿಗೆ ಮಾಡಲು ಕೆಲಸವಿತ್ತು, ನನಗಿರಲಿಲ್ಲ. ಕೈ ತಾನಾಗಿ ಕರಡಿಗೆಯನ್ನು ಹಿಡಿದಿತ್ತು. ಅವ್ವನನ್ನು ಉಳಿಸು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಯಾರಿಗೆ ಹೇಳಲಿ? ಒಳಗೆ ಓದಿ, ಅಭ್ಯಾಸ ಮಾಡಿ, ಕೈ ತೊಳೆದುಕೊಂಡು ನಿಂತ ಮನುಷ್ಯರಿದ್ದರು. ಅವರ ಕೈ ನಡುಗದಿದ್ದರೆ ಸಾಕು. ಮಾತನ್ನು ನುಂಗಿಕೊಂಡೆ. ಇಷ್ಟು ವರ್ಷ ಇಲ್ಲ ಎಂದವಳು ಕಷ್ಟ ಬಂದಿತೆಂದು ಹೌದು ಎಂದರೆ, ನನ್ನನ್ನು ನಂಬಿ ಇದನ್ನು ಕೊರಳಿಗೆ ಹಾಕಿ ಹೋದ ಅವ್ವನಿಗೆ ಮೋಸ.

ಡಾಕ್ಟರು ಹೊರಗೆ ಬಂದು ಪೂರ್ತಿ ತೆಗೆದೆವು ಎಂದಾಗ ಅಣ್ಣ ಗೋಡೆಗೆ ಹಣೆ ಹಚ್ಚಿ ಅತ್ತ. ಸಂಜೆ ಐಸಿಯುಗೆ ಒಬ್ಬರನ್ನು ಮಾತ್ರ ಬಿಡುತ್ತೇವೆ ಎಂದರು. ನಾನು ಅಣ್ಣನ ಮುಖ ನೋಡಿದೆ. "ನೀ ಹೋಗು. ಆಕೀದು ನಿನ್ನ ಕಡೆ ಐತಿ" ಎಂದ. ಅಷ್ಟು ದಿನಗಳ ಮೇಲೆ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು.

ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಅವ್ವ ಕಣ್ಣು ತೆರೆದಿದ್ದಳು. ನನ್ನ ಕೊರಳು ನೋಡಿದಳು. ದನಿ ಒಡೆದಿತ್ತು.

"ಏನರ ಬೇಡಿಕೊಂಡಿಯೇನು?"

"ಇಲ್ಲವಾ."

"ಮತ್ತ ಏನ ಮಾಡಿದಿ ಅಷ್ಟೊತ್ತು?"

"ಹೆದರಿಕೊಂಡು ಕುಂತಿದ್ದೆ."

ಅವ್ವ ತುಟಿಯಲ್ಲೇ ನಕ್ಕಳು. ಮೆಲ್ಲಗೆ ಎಡಗೈ ಎತ್ತಿ ಅಂಗೈ ಬಿಚ್ಚಿದಳು. ಶಿವದಾರ ಬಿಚ್ಚಿ ಕರಡಿಗೆಯನ್ನು ಆ ಅಂಗೈಯಲ್ಲಿಟ್ಟೆ. ಬೆರಳುಗಳು ಒಂದೊಂದಾಗಿ, ಐದೂ, ಅದರ ಮೇಲೆ ಮುಚ್ಚಿಕೊಂಡವು.

ನನ್ನ ಕೊರಳು ಮತ್ತೆ ಬರಿದಾಯಿತು. ಅದು ಹಾಗೆಯೇ ಇರುತ್ತದೆ. ಬೇಕಾದಾಗ ತನ್ನ ಲಿಂಗವನ್ನು ಎಲ್ಲಿಡಬೇಕೆಂದು ಅವ್ವನಿಗೆ ಗೊತ್ತಿದೆ.