ದೀಪ ಹಚ್ಚುವ ಮೊದಲಿನ ಹದಿನೈದು ನಿಮಿಷ

ಬೆಳಗಿನ ಆರೂವರೆಗೆ ನಾನು ತಪ್ಪಿತಸ್ಥರನ್ನು ಹಿಡಿಯಲು ಹೋಗಿದ್ದೆ. ಕೈಯಲ್ಲಿ ಮೊಬೈಲ್, ಕ್ಯಾಮೆರಾ ಆನ್. ಒಂಬತ್ತೂವರೆಯ ಹೊತ್ತಿಗೆ ಸಿಕ್ಕಿಬಿದ್ದದ್ದು ನಾನೇ.

ಹೋದ ತಿಂಗಳು ಎರಡು ವಾರ ಪೇಪರಿನ ಇದೇ ಅಂಕಣದಲ್ಲಿ ನಮ್ಮ ಓಣಿಯ ಕಸದ ಬಗ್ಗೆ ನಾನು ಕೆಂಡ ಕಾರಿದ್ದು ನಿಮಗೆ ನೆನಪಿರಬಹುದು. (ಇಲ್ಲದಿದ್ದರೆ ಬಹಳ ಒಳ್ಳೆಯದು. ಹಳೆ ಪೇಪರ್ ಹುಡುಕುವ ಉಸಾಬರಿ ಬೇಡ.) ಬೀದಿ ಗುಡಿಸುವವರು ಬರುವುದೇ ಇಲ್ಲ, ಬಂದರೂ ಕಾಟಾಚಾರಕ್ಕೆ ಎರಡು ಸಲ ಪೊರಕೆ ಆಡಿಸಿ ಹೋಗುತ್ತಾರೆ ಎಂದೆಲ್ಲ ಬರೆದಿದ್ದೆ. ಓದಿದವರು ಫೋನ್ ಮಾಡಿ ಶಭಾಸ್ ಎಂದಿದ್ದರು. ಬೈದು ಬರೆದರೆ ಶಭಾಸ್ ಅನ್ನುವವರಿಗೆ ನಮ್ಮಲ್ಲಿ ಬರವೇ?

ಶಿರಸಿ ಪೇಟೆ ಗೊತ್ತಿಲ್ಲದವರಿಗೆ ಎರಡು ಮಾತು. ಬಸ್ ಸ್ಟ್ಯಾಂಡಿನಿಂದ ಮಾರ್ಕೆಟ್ಟಿಗೆ ಹೋಗಲು ದೊಡ್ಡ ರಸ್ತೆಗಳಿವೆ, ಅವುಗಳ ನಡುವೆ ಕೆಲವು ಅಡ್ಡ ಓಣಿಗಳಿವೆ. ಅಂಥದ್ದೊಂದು ನಮ್ಮದು. ಹದಿನಾಲ್ಕು ಅಂಗಡಿ. ಕಿರಾಣಿ, ಟೇಲರ್, ಪಾತ್ರೆ, ಮೊಬೈಲ್ ರಿಪೇರಿ, ನಡುವೆ ನನ್ನ ಸ್ಟೇಷನರಿ ಮತ್ತು ಝೆರಾಕ್ಸ್. ಓಣಿಯ ಕೊನೆಯಲ್ಲಿ ಜರೀನಾಳ ಬಳೆ ಅಂಗಡಿ.

ನನ್ನ ಸಿಟ್ಟಿಗೆ ಕಾರಣ ಈ ಜರೀನಾ. ಅವಳ ಅಮ್ಮಿ ಬುಟ್ಟಿಯಲ್ಲಿ ಬಳೆ ಹೊತ್ತು ಮನೆಮನೆ ತಿರುಗಿ ಮಾರಿ, ಕೊನೆಗೆ ಈ ಓಣಿಯಲ್ಲಿ ಒಂದು ಬಾಗಿಲಿನ ಅಂಗಡಿ ಹಿಡಿದವರು. ಸಿದ್ದಾಪುರ, ಯಲ್ಲಾಪುರ, ಬನವಾಸಿ ಕಡೆಯಿಂದ ಮದುವೆ ಬಳೆಗೆ ಹೆಂಗಸರು ಇವರಲ್ಲಿಗೇ ಹುಡುಕಿಕೊಂಡು ಬರುತ್ತಿದ್ದರು. ನನ್ನ ಮದುವೆಯ ಬಳೆಯೂ ಅಲ್ಲಿಯದೇ. ಅಂಥ ಜರೀನಾ ಒಂದು ಮಧ್ಯಾಹ್ನ ನನ್ನ ಕೌಂಟರಿಗೆ ಬಂದು, ಏನೋ ಪೆನ್ನು ಕೇಳುವವಳ ಹಾಗೆ ಹೇಳಿದಳು: "ಅಕ್ಕಾ, ಈ ತಿಂಗಳ ಕೊನೆಗೆ ಅಂಗಡಿ ಬಿಡ್ತೇನೆ. ಮಾಲಿಕರಿಗೆ ಹೇಳಿ ಆಯ್ತು."

ಯಾಕೆ, ಏನಾಯ್ತು ಎಂದು ಕೇಳಿದೆ.

"ಹೆಣ್ಮಕ್ಕಳು ಓಣಿ ಒಳಗೇ ಬರೂದಿಲ್ಲ ಅಕ್ಕಾ. ಮೂಗು ಮುಚ್ಚಿಕೊಂಡು ಓಣಿ ಬಾಯಿಂದಲೇ ವಾಪಸ್ ಹೋಗ್ತಾರೆ. ಸಂಜೆ ಆದ್ರೆ ನಾಯಿ, ಕತ್ತಲೆ. ಯಾರು ಬರ್ತಾರೆ ಹೇಳು. ಮಾಲಿಕರು ಯಾರೋ ಪೈಪ್ ವ್ಯಾಪಾರದವರಿಗೆ ಗೋಡೌನ್ ಮಾಡ್ಲಿಕ್ಕೆ ಕೊಡ್ತಾರಂತೆ."

ಗೋಡೌನ್ ಅಂದರೇನು ಗೊತ್ತೇ? ಹಗಲಿಡೀ ಮುಚ್ಚಿದ ಶಟರ್. ಒಂದು ಶಟರ್ ಮುಚ್ಚಿದರೆ ಪಕ್ಕದ ಅಂಗಡಿಯ ಮುಂದೆ ಓಡಾಟ ಕಡಿಮೆ, ಅದರ ಪಕ್ಕದ್ದಕ್ಕೆ ಇನ್ನೂ ಕಡಿಮೆ. ನಮ್ಮ ಓಣಿಯಲ್ಲಿ ಈ ಹದಿನಾಲ್ಕನ್ನು ಬಿಟ್ಟು ಆಗಲೇ ಎರಡು ಮುಚ್ಚಿದ್ದವು. ಊರಿನ ನಡುಪೇಟೆ ಸಾಯುವುದು ಹೀಗೆ, ಯಾರಿಗೂ ತಿಳಿಯದ ಹಾಗೆ. ಆಮೇಲೆ ನಾವೇ ಹುಬ್ಬಳ್ಳಿಯ ಮಾಲ್‌ಗೆ ಹೋಗಿ, "ಎಷ್ಟು ನೀಟಾಗಿದೆ ನೋಡಿ" ಎಂದು ಬಾಯಿ ಬಿಡುತ್ತೇವೆ.

ಆ ಸಿಟ್ಟಿನಲ್ಲೇ ನಾನು ಎರಡು ವಾರ ಬರೆದದ್ದು. ಬರೆದರೂ ಕಸ ಅಲ್ಲೇ ಇದ್ದುದನ್ನು ಕಂಡು, ಸಾಕ್ಷಿ ಸಮೇತ ಹಿಡಿಯುತ್ತೇನೆಂದು ಮೂರನೇ ವಾರ ಬೆಳಗ್ಗೆ ಆರೂವರೆಗೆ ಹೊರಟೆ.

ಓಣಿಯ ಬಾಯಲ್ಲಿ ಕಾಲಿಟ್ಟವಳು ಹಾಗೇ ನಿಂತೆ. ಓಣಿ ಚೊಕ್ಕವಾಗಿತ್ತು. ಒಂದು ಚಾಕಲೇಟ್ ಕಾಗದ ಇಲ್ಲ. ದೂರದ ತುದಿಯಲ್ಲಿ ಉದ್ದ ಪೊರಕೆ ಹಿಡಿದು ಒಬ್ಬ ಹೆಂಗಸು ಕೊನೆಯ ಗುಡ್ಡೆ ಒಟ್ಟುತ್ತಿದ್ದರು. ಹೆಸರು ಗಂಗವ್ವ. ಹಾವೇರಿ ಕಡೆಯವರು, ನಮ್ಮ ಪೇಟೆ ಗುಡಿಸುತ್ತ ಎಷ್ಟೋ ವರ್ಷವಾಗಿದೆಯಂತೆ. (ಅಷ್ಟು ವರ್ಷದಿಂದ ನಾನು ಅವರ ಮುಖ ನೋಡಿರಲಿಲ್ಲ. ನಾನು ಏಳುವ ಹೊತ್ತಿಗೆ ಅವರ ಕೆಲಸ ಮುಗಿದಿರುತ್ತದೆ.)

ನನ್ನ ಕೈಯಲ್ಲಿದ್ದ ಮೊಬೈಲ್ ನೋಡಿ ಅವರಿಗೆ ಅರ್ಥವಾಯಿತು.

"ಫೋಟೋ ಹೊಡಿಯೂದಿದ್ರ ಒಂಬತ್ತಕ್ಕ ಬರ್ರಿ ಅಕ್ಕಾರ. ನಾ ಆರಕ್ಕ ಬಂದು ಕಸಾ ಹೊಡಿತೀನಿ. ಏಳಕ್ಕ ಗಾಡಿ ಬಂದು ಒಯ್ತೈತಿ. ಒಂಬತ್ತಕ್ಕ ನೀವೆಲ್ಲಾ ಶಟರ್ ಎತ್ತಿ, ನಿನ್ನಿ ಕಸ ಬೀದಿಗೆ ನೂಕ್ತೀರಿ. ಅದನ್ನ ಯಾರ ಒಯ್ಬೇಕು? ಗಾಡಿ ಮತ್ತ ಬರೂದು ಮರದಿನಾನ."

ಅವರು ದನಿ ಏರಿಸಲಿಲ್ಲ. ಪೊರಕೆಯನ್ನು ನೆಲಕ್ಕೆ ಕುಟ್ಟಿ ಸರಿ ಮಾಡಿಕೊಂಡು ಮುಂದಿನ ಓಣಿಗೆ ಹೋದರು.

ನಾನು ಸುಮ್ಮನಿರುವ ಜಾತಿಯವಳಲ್ಲ. ನೋಡಿಯೇ ಬಿಡೋಣ ಎಂದು ಒಂಬತ್ತಕ್ಕೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತೆ. ಒಂದೊಂದೇ ಶಟರ್ ಮೇಲೇರಿತು. ಟೇಲರ್ ಅಂಗಡಿಯಿಂದ ಬಟ್ಟೆ ಚೂರು ಬಂತು. ಪಾತ್ರೆ ಅಂಗಡಿಯಿಂದ ರಟ್ಟು, ಹುಲ್ಲು. ಕಿರಾಣಿಯಿಂದ ಪ್ಲಾಸ್ಟಿಕ್, ಕೊಳೆತ ಈರುಳ್ಳಿ, ಬಾಳೆಗೊನೆಯ ದಿಂಡು. ಪ್ರತಿಯೊಬ್ಬರೂ ತಮ್ಮ ಅಂಗಡಿಯನ್ನು ಕನ್ನಡಿಯಂತೆ ಗುಡಿಸಿ, ಮುಂದೆ ನೀರು ಚಿಮುಕಿಸಿ, ಊದುಬತ್ತಿ ಹಚ್ಚಿ ಕೈ ಮುಗಿದರು. ಕಸ ಮಾತ್ರ ಓಣಿಯ ನಡುವೆ ಸಾಲಾಗಿ ಕೂತಿತು.

ಇದನ್ನೆಲ್ಲ ನೋಡುತ್ತ, ಥೂ ಎಂಥ ಜನ ಎಂದುಕೊಳ್ಳುತ್ತ, ನಾನೂ ಶಟರ್ ಎತ್ತಿದೆ. ನಾಲ್ಕು ಸಲ ಪೊರಕೆ ಆಡಿಸಿದೆ. ಝೆರಾಕ್ಸಿನ ಹಾಳು ಹಾಳೆಗಳೆಲ್ಲ ಮೆಟ್ಟಿಲು ದಾಟಿ ಬೀದಿಗೆ ಬಿದ್ದ ಮೇಲೆ ಎಚ್ಚರವಾಯಿತು.

ಆಗ ನನಗಾದ ನಾಚಿಕೆಯನ್ನು ಬರೆದು ಮುಗಿಸಲಾರೆ. ಎರಡು ವಾರ ಊರಿಗೆಲ್ಲ ಬುದ್ಧಿ ಹೇಳಿದವಳು!

ಇಷ್ಟಕ್ಕೂ ನಾವು ಬೆಳಗ್ಗೆ ಒಂಬತ್ತಕ್ಕೇ ಯಾಕೆ ಗುಡಿಸುತ್ತೇವೆ? ಹಿಂದಿನ ಸಂಜೆ ಅಂಗಡಿ ಮುಚ್ಚುವಾಗ ಗುಡಿಸಿ ಕಟ್ಟಿಟ್ಟರೆ ಬೆಳಗಿನ ಗಾಡಿಗೆ ಸಿಗುವುದಿಲ್ಲವೇ? ಇಷ್ಟು ಸುಲಭದ ಮಾತು ಯಾರಿಗೂ ಯಾಕೆ ಹೊಳೆಯಲಿಲ್ಲ? ಆ ದಿನವೇ ಶಾನಭಾಗ ಮಾಮನ ಕಿರಾಣಿ ಅಂಗಡಿಯಲ್ಲಿ ಎಲ್ಲರನ್ನೂ ಸೇರಿಸಿದೆ. ಮಾಮ ನಮ್ಮ ಓಣಿಯ ಹಿರಿಯರು. ಅವರು ಹೂಂ ಅಂದರೆ ಹದಿನಾಲ್ಕೂ ಅಂಗಡಿ ಹೂಂ ಅಂದ ಹಾಗೆ.

ಮಾಮ ಹೂಂ ಅನ್ನಲಿಲ್ಲ. ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ದೀಪ ಹಚ್ಚಿದ ಮೇಲೆ ಪೊರಕೆ ಮುಟ್ಟೂದಾ? ಎಂತ ಮಾತಾಡ್ತೆ ಮಾರಾಯ್ತಿ? ಲಕ್ಷ್ಮಿ ಹೊರಗೆ ಹೋಗ್ತಾಳೆ. ನಮ್ಮ ಅಪ್ಪ ಇದ್ದಾಗಿಂದ ಈ ಅಂಗಡೀಲಿ ಅದು ಆದದ್ದಿಲ್ಲ."

ಸರಿ, ಜರೀನಾ ನನ್ನ ಪಕ್ಷ ಹಿಡಿಯುತ್ತಾಳೆಂದು ಅವಳ ಕಡೆ ತಿರುಗಿದೆ. ಅವಳು ನೆಲ ನೋಡುತ್ತ ನಕ್ಕಳು. "ನಮ್ಮ ಅಮ್ಮಿಯೂ ಸಂಜೆ ಮಗ್ರಿಬ್ ನಮಾಜ್ ಆದ್ಮೇಲೆ ಕಸ ಹೊಡಿಲಿಕ್ಕೆ ಬಿಡೂದಿಲ್ಲ ಅಕ್ಕಾ. ಬರಕತ್ ಹೋಗ್ತದೆ, ಕೈಲಿ ದುಡ್ಡು ನಿಲ್ಲೂದಿಲ್ಲ ಅಂತಾರೆ."

ನೋಡಿ, ಹಬ್ಬ ಬೇರೆ, ಊಟ ಬೇರೆ, ಪೊರಕೆಯ ವಿಷಯದಲ್ಲಿ ಮಾತ್ರ ಇಡೀ ಓಣಿ ಒಂದೇ ಮನೆ.

ಸೋತ ಮುಖ ಹೊತ್ತು ಮನೆಗೆ ಹೋದೆ. ತಿಂಗಳು ಮುಗಿಯಲು ಇನ್ನು ಎರಡೇ ವಾರ. ಅತ್ತೆ ಅಡುಗೆಮನೆಯಲ್ಲಿ ಹಲಸಿನ ಹಪ್ಪಳ ಸುಡುತ್ತಿದ್ದರು. ಎಲ್ಲ ಹೇಳಿಕೊಂಡೆ. ಮೂಢನಂಬಿಕೆ, ಹಾಗೆ ಹೀಗೆ ಎಂದು ದೊಡ್ಡ ಭಾಷಣವನ್ನೂ ಸೇರಿಸಿದೆ. ಅತ್ತೆ ಹಪ್ಪಳ ಮಗುಚಿ ಹೇಳಿದರು:

"ದೀಪ ಹಚ್ಚಿದ ಮೇಲೆ ಗುಡಿಸ್ಲಾಗ ಹೇಳಿ ಇಪ್ಪುದು ಖರೆ. ಹಚ್ಚೂದ್ರ ಮುಂಚೆ ಗುಡಿಸ್ಲಾಗ ಹೇಳಿ ಯಾರು ಹೇಳಿದ್ದ ಕೂಸೆ? ಆನು ದಿನಾ ಸಂಜೆ ಗುಡಿಸೇ ದೀಪ ಹಚ್ತಿ. ನೀ ಮನೆಲ್ಲಿ ಇದ್ರೆ ಅಲ್ದ ಗೊತ್ತಪ್ಪುದು."

ಕೊನೆಯ ಮಾತು ನನಗೇ ತಾಗಿಸಿದ್ದು, ಇರಲಿ. ಮೊದಲಿನ ಮಾತು ಚಿನ್ನ: ದೀಪ ಹಚ್ಚಿದ ಮೇಲೆ ಗುಡಿಸಬಾರದು ನಿಜ, ಹಚ್ಚುವ ಮುಂಚೆ ಗುಡಿಸಬಾರದೆಂದು ಯಾರೂ ಹೇಳಿಲ್ಲ. ಎಲ್ಲರ ಮನೆಯಲ್ಲೂ ಹೆಂಗಸರು ಸಂಜೆ ಕಸ ಗುಡಿಸಿ, ಆಮೇಲೆ ದೀಪ ಹಚ್ಚುತ್ತಾರೆ. ಅಂಗಡಿಗೆ ಬಂದ ಕೂಡಲೇ ಅರ್ಧ ಪದ್ಧತಿಯನ್ನು ಮಾತ್ರ ನೆನಪಿಟ್ಟುಕೊಂಡು, ಇನ್ನರ್ಧವನ್ನು ಮನೆಯಲ್ಲೇ ಬಿಟ್ಟು ಬಂದಿದ್ದೇವೆ. ಆ ಹೊತ್ತಿಗೆ ಗಿರಾಕಿ ಇರುತ್ತಾರೆ, ಯಾರು ಗುಡಿಸುತ್ತಾರೆ ಎಂಬ ಸೋಮಾರಿತನಕ್ಕೆ ಲಕ್ಷ್ಮಿಯ ಹೆಸರು ಇಟ್ಟಿದ್ದೇವೆ.

ಮರುದಿನ ಮಾಮನ ಮುಂದೆ ಅತ್ತೆಯ ಮಾತನ್ನು ಹಾಗೆಯೇ ಒಪ್ಪಿಸಿದೆ. ಮಾಮ ಬಹಳ ಹೊತ್ತು ತಕ್ಕಡಿಯ ಬಟ್ಟಲು ಒರೆಸಿದರು. ಆಮೇಲೆ, "ನಿನ್ನ ಅತ್ತೆ ಹೇಳೂದು ಬರೋಬ್ಬರಿ" ಎಂದರು. ನಾನು ಹೇಳಿದ್ದರೆ ಅವರು ಒಪ್ಪುತ್ತಿದ್ದರೇ? ಖಂಡಿತ ಇಲ್ಲ.

ಕೆಲಸ ಶುರುವಾಯಿತು. ಸಂಜೆ ಆರಕ್ಕೆ ಕಾಲು ಗಂಟೆ ಇರುವಾಗ ಮಾಮ ತಮ್ಮ ದೇವರ ಗೂಡಿನ ಗಂಟೆ ಬಾರಿಸುತ್ತಾರೆ. ಹದಿನೈದು ನಿಮಿಷ, ಹದಿನಾಲ್ಕು ಪೊರಕೆ. ಹಸಿ ಕಸ, ಒಣ ಕಸ ಬೇರೆ ಮಾಡಿ, ಓಣಿಯ ಎರಡು ತುದಿಯಲ್ಲಿಟ್ಟ ಮುಚ್ಚಳದ ಡ್ರಮ್ಮಿಗೆ ಹಾಕಬೇಕು. ಡ್ರಮ್ ತಂದವನು ಜರೀನಾಳ ತಮ್ಮ, ಲಾರಿ ಇದೆ ಅವನದು. ಆಮೇಲೆ ದೀಪ. ದೀಪ ಹಚ್ಚಿದ ನಂತರ ಆದ ಕಸ ಕೌಂಟರಿನ ಕೆಳಗಿನ ಬುಟ್ಟಿಗೆ. ಪೊರಕೆ ಮುಟ್ಟದೆ ಕೈಯಿಂದ ಎತ್ತಿದರೆ ಲಕ್ಷ್ಮಿಯ ಅಭ್ಯಂತರವಿಲ್ಲ ಎಂದು ಮಾಮನೇ ತೀರ್ಪು ಕೊಟ್ಟರು.

ನಾನು ಬಿಡುತ್ತೇನೆಯೇ? ಸಿಕ್ಕಿದ ಸಲಿಗೆಯಲ್ಲಿ ಇನ್ನೊಂದು ಕೇಳಿದೆ. "ಮಾಮಾ, ಲಕ್ಷ್ಮಿ ಬರಬೇಕು ಅಂದ್ರೆ ಬಾಗಿಲ ಹೊರಗೂ ಬೆಳಕು ಬೇಡ್ವಾ?" ಕರೆಂಟ್ ಉಳಿಸಲು ಎಲ್ಲರೂ ಬೋರ್ಡಿನ ಲೈಟ್ ಆರಿಸಿಕೊಂಡು ಕೂರುತ್ತಿದ್ದರು. ಮಾಮ ಅವತ್ತೇ ಹೊರಗಿನ ಲೈಟ್ ಹಾಕಿದರು. ಓಣಿಯ ಕೊನೆಯ ಅಂಗಡಿ ಮುಚ್ಚುವ ತನಕ ಯಾರೂ ಲೈಟ್ ಆರಿಸುವಂತಿಲ್ಲ ಎಂದು ಹೇಳಿಯೂ ಬಿಟ್ಟರು.

ಎಲ್ಲರೂ ಒಂದೇ ದಿನಕ್ಕೆ ಸುಧಾರಿಸಿದರು ಎಂದರೆ ಸುಳ್ಳಾಗುತ್ತದೆ. ಮೊಬೈಲ್ ಅಂಗಡಿಯವನು ಸ್ಕ್ರೀನ್ ಗಾರ್ಡಿನ ಕವರ್‌ಗಳನ್ನು ಬೀದಿಗೆ ಹಾರಿಸುವುದು ನಿಲ್ಲಿಸಲಿಲ್ಲ. ಜರೀನಾ ಪ್ರತಿದಿನ ಅವನ್ನು ಹೆಕ್ಕಿ ತಂದು ಅವನ ಕೌಂಟರಿನ ಮೇಲೆ ಸಾಲಾಗಿ ಜೋಡಿಸಿ, "ನಿಂದು ಬಿದ್ದಿತ್ತು ತಮ್ಮಾ" ಎಂದು ಹೇಳಿ ಬರತೊಡಗಿದಳು. ಐದನೇ ದಿನ ಅವನೇ ಕೈ ಮುಗಿದ.

ಆಮೇಲಿನದು ನಾನು ಕಣ್ಣಾರೆ ಕಂಡದ್ದು. ಮೊದಲು ನಾಯಿಗಳು ಹೋದವು. ತಿನ್ನಲು ಏನೂ ಇಲ್ಲದಿದ್ದರೆ ಅವಾದರೂ ಯಾಕೆ ಇರುತ್ತವೆ? ಮೂಗು ಮುಚ್ಚಿಕೊಳ್ಳುವುದು ನಿಂತಿತು. ಬಸ್ ಸ್ಟ್ಯಾಂಡಿಗೆ ಹೋಗುವ ಕಾಲೇಜು ಹುಡುಗಿಯರು ದೊಡ್ಡ ರಸ್ತೆ ಬಿಟ್ಟು ನಮ್ಮ ಓಣಿಯಲ್ಲಿ ನಡೆಯತೊಡಗಿದರು, ಸಂಜೆ ಏಳರ ತನಕ. ನಡೆಯುವವರು ನಿಲ್ಲುತ್ತಾರೆ, ನಿಂತವರು ಒಳಗೆ ಬರುತ್ತಾರೆ. ಒಂದು ಬೆಳಗ್ಗೆ ಗಂಗವ್ವ ಮಾಮನ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಅವರು ಬರುವ ಹೊತ್ತಿಗೆ ಯಾವತ್ತೂ ಬಾಗಿಲು ತೆರೆಯದ ಮಾಮ, ಆ ದಿನ ಫ್ಲಾಸ್ಕ್ ಹಿಡಿದು ಬೇಗ ಬಂದಿದ್ದರು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಪೇಪರಿನಲ್ಲಿ ಹಾಗೆ ಬರೆಯಬಾರದಿತ್ತು, ತಪ್ಪಾಯಿತು ಎಂದೆ.

"ಪೇಪರ್ ಓದಾಕ ನಂಗ ಎಲ್ಲಿ ಟೈಮ್ ಐತ್ರಿ" ಎಂದರು ಗಂಗವ್ವ. ಓದಿದ್ದರೆಂದು ನನಗೆ ಗೊತ್ತು. ಅದಕ್ಕೇ ಈ ವಾರ ಇಲ್ಲಿ, ಅಚ್ಚಿನಲ್ಲೇ, ಇನ್ನೊಮ್ಮೆ ತಪ್ಪಾಯಿತು ಎನ್ನುತ್ತಿದ್ದೇನೆ.

ಜರೀನಾ? ಅವಳು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಮಾಲಿಕರಿಗೆ ಮಾತು ಕೊಟ್ಟಾಗಿದೆ, ಈಗ ಹೇಗೆ ಹಿಂದೆ ತಗೊಳ್ಳಲಿ ಎಂಬ ಸಂಕೋಚ ಅವಳಿಗೆ. ನಾನು ಕೇಳಿದರೆ, "ನೋಡೋಣ ಅಕ್ಕಾ" ಅಷ್ಟೇ. ರಾತ್ರಿ ಮಲಗಿದರೂ ನನಗೆ ಅದೇ ಚಿಂತೆ. ಓಣಿ ಎಷ್ಟು ಚೊಕ್ಕವಾದರೇನು, ಬಳೆಯ ಬಾಗಿಲೇ ಮುಚ್ಚಿದರೆ?

ತಿಂಗಳ ಕೊನೆಯ ದಿನ ಬಂತು. ಮಧ್ಯಾಹ್ನ ಮೂರಕ್ಕೆ ಪೈಪ್ ವ್ಯಾಪಾರದ ಮನುಷ್ಯ ಅಳತೆಯ ಟೇಪು ಹಿಡಿದು ಬಂದ. ನಾನು ಅವನ ಹಿಂದೆಯೇ ಓಡಿದೆ, ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಅಂಗಡಿಯೊಳಗೆ ಕಾಲಿಡಲು ಜಾಗವಿಲ್ಲ. ಸಿದ್ದಾಪುರದ ಬಿಳಗಿ ಕಡೆಯ ಮದುವೆ ಮನೆಯವರು, ಒಂದು ಟೆಂಪೋ ತುಂಬ ಹೆಂಗಸರು. ಕೈಗಳೆಲ್ಲ ಒಟ್ಟಿಗೆ ಮುಂದೆ ಚಾಚಿವೆ, ಬಳೆಯ ಪೆಟ್ಟಿಗೆಗಳೆಲ್ಲ ಕೆಳಗಿಳಿದಿವೆ. ಜರೀನಾ ಒಬ್ಬ ಅಜ್ಜಿಯ ಕೈ ಹಿಡಿದು ಬಳೆ ಏರಿಸುತ್ತಿದ್ದವಳು ತಲೆ ಎತ್ತಿ ಟೇಪಿನವನನ್ನು ನೋಡಿದಳು.

"ಸ್ವಲ್ಪ ಹೊರಗೆ ನಿಲ್ಲಿ ಅಣ್ಣಾ, ಗಿರಾಕಿ ಇದಾರೆ."

ಆತ ನಿಂತ. ಒಂದು ಗಂಟೆ ಕಾದ. ನಾನು ಅವನಿಗೆ ಕುರ್ಚಿ ಕೊಟ್ಟೆ, ಮಾಮ ಚಹಾ ಕಳಿಸಿದರು. ಒಳಗಿನ ಗದ್ದಲ ನೋಡುತ್ತ ನೋಡುತ್ತ ಟೇಪು ಜೇಬಿಗೆ ಹೋಯಿತು. ಹೆಂಗಸರೆಲ್ಲ ಹೊರಟ ಮೇಲೆ ಜರೀನಾ ಹೊಸ್ತಿಲಿಗೆ ಬಂದು, ಮೊದಲ ಸಲ ಗಟ್ಟಿಯಾಗಿ ಹೇಳಿದಳು. "ಅಂಗಡಿ ಬಿಡೂದಿಲ್ಲ ಅಣ್ಣಾ. ಮಾಲಿಕರಿಗೆ ಇವತ್ತೇ ಹೇಳ್ತೇನೆ. ನಿಮಗೆ ಸುಮ್ಮನೆ ತ್ರಾಸ್ ಆಯ್ತು."

ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇನು. ಆತ ಎದ್ದು ನಿಂತ. ಸಿಟ್ಟು ಮಾಡುತ್ತಾನೆಂದುಕೊಂಡೆ. ಅವನು ಅತ್ತಿತ್ತ ನೋಡಿ, ದನಿ ತಗ್ಗಿಸಿ, ಹೆಂಡತಿಯ ಕೈಯ ಅಳತೆಗೆ ತನ್ನ ಬೆರಳುಗಳನ್ನು ಉಂಗುರ ಮಾಡಿ ತೋರಿಸಿ, "ಹಸಿರು ಗಾಜಿಂದು ಒಂದು ಡಜನ್ ಕೊಡಿ" ಎಂದ.

ಗೋಡೌನ್ ಮಾಡಲು ಬಂದವನು ಗಿರಾಕಿಯಾಗಿ ಹೋದ. ಒಂದು ಪೇಟೆ ಬದುಕಿದೆ ಎನ್ನಲು ಇನ್ನೆಂಥ ಸಾಕ್ಷಿ ಬೇಕು?