ಚಿಕ್ಕಮ್ಮ ಪರ್ಮನೆಂಟಾದ ದಿನ

ನಮ್ಮ ಚಿಕ್ಕಮ್ಮ ಬಸ್ಸು ತಿರುಗಿಸುವುದನ್ನು ನೀವು ನೋಡಬೇಕು! ಅಷ್ಟುದ್ದದ ಗಾಡಿಯನ್ನು ಡಿಪೋ ಗೇಟಿನೊಳಗೆ ಒಂದೇ ಏಟಿಗೆ ನುಗ್ಗಿಸುತ್ತಾಳೆ. ಆದರೂ ಮದುವೆಯಾದಾಗಿನಿಂದ ಅವಳದು ಟೆಂಪರರಿ ಕೆಲಸವೇ. ಚಿಕ್ಕಪ್ಪ ಅದೇ ಡಿಪೋದಲ್ಲಿ ಮೆಕ್ಯಾನಿಕ್, ಪರ್ಮನೆಂಟು. ನಾನು ಅವರ ಮನೆಯಲ್ಲಿದ್ದುಕೊಂಡೇ ಓದುವುದು, ಹಾಗಾಗಿ ಎಲ್ಲಾ ಜಗಳವೂ ನನ್ನ ಕಿವಿಗೆ ಬಿದ್ದಿದೆ. ಮಾತಿಗೆ ಮಾತು ಬೆಳೆದಾಗಲೆಲ್ಲ ಅವನದು ಒಂದೇ ಪಲ್ಲವಿ: “ಹೊರಡು. ಎಲ್ಲಿಗ್ ಹೋಗ್ತೀಯ? ಇವತ್ತಿದ್ದು ನಾಳೆ ಇಲ್ದಿರೋ ಕೆಲಸ ನಿಂದು.”

ಒಂದು ದಿನ ಅವಳು ಅಳಲಿಲ್ಲ. “ಪರ್ಮನೆಂಟ್ ಆದ ದಿನಾನೇ ಹೋಗ್ತೀನಿ. ಡೈವೋರ್ಸಿಗೂ ನಾನೇ ಹಾಕ್ತೀನಿ” ಎಂದು ಬಟ್ಟೆ ತುಂಬಿದ ಬ್ಯಾಗನ್ನು ಮಂಚದ ಕೆಳಗೆ ತಳ್ಳಿದಳು.

ಕೊನೆಗೂ ಕಾಯಂ ಮಾಡುವ ಪರೀಕ್ಷೆ ಬಂತು. ಡಿಪೋ ಹಿಂದಿನ ಏರಿನಲ್ಲಿ ಬಸ್ಸು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಪೆಡಲಿನಿಂದ ಕಾಲು ತೆಗೆಯಬೇಕು. ಗಾಡಿ ಒಂಚೂರು ಹಿಂದಕ್ಕೆ ಜಾರಿದರೂ ಫೇಲು. ಆ ಬಸ್ಸನ್ನು ರೆಡಿ ಮಾಡುವ ಪಾಳಿ ಯಾರದು ಹೇಳಿ? ಚಿಕ್ಕಪ್ಪನದೇ!

ಬೆಳಗ್ಗೆ ನಾನೂ ಹೋಗಿದ್ದೆ. ಅವನು ಬಸ್ಸಿನಡಿ ಮಲಗಿದ್ದ, ಕಾಲು ಮಾತ್ರ ಕಾಣುತ್ತಿತ್ತು. ಕಂಡಕ್ಟರ್ ಒಬ್ಬ ಬಗ್ಗಿ ಕೇಳಿದ: “ಏನಣ್ಣ, ಬ್ರೇಕು ಬಸ್ಸಿಗ್ ಹಾಕ್ತಿದ್ಯೋ, ಅತ್ತಿಗೆಗೋ?”

ಎಲ್ಲರೂ ನಕ್ಕರು.

“ಹ್ಯಾಂಡ್‌ಬ್ರೇಕ್ ನೋಡಿದ್ರಾ?” ಎಂದಳು ಚಿಕ್ಕಮ್ಮ.

“ನೋಡ್ದೆ.”

“ಸರಿಯಾಗಿ?”

ಅವನು ಹೊರಬಂದು, ಅವಳ ಮುಖ ನೋಡದೆ ಕೈ ಒರೆಸಿಕೊಂಡು ಹೋದ. “ಬೇರೆ ಬಸ್ ಕೇಳು ಚಿಕ್ಕಮ್ಮ” ಎಂದು ಪಿಸುಗುಟ್ಟಿದೆ.

“ಸುಮ್ನಿರೇ” ಎಂದು ಹತ್ತಿಬಿಟ್ಟಳು.

ಏರಿನ ನಡುವೆ ಬಸ್ಸು ನಿಂತಿತು. ಪರೀಕ್ಷೆ ತೆಗೆದುಕೊಳ್ಳುವ ಸಾಹೇಬರು “ಕಾಲ್ ತೆಗೀರಿ” ಅಂದದ್ದು ನನಗೂ ಕೇಳಿಸಿತು. ನನ್ನ ಕಣ್ಣೆಲ್ಲ ಹಿಂದಿನ ಚಕ್ರದ ಮೇಲೆ. ಚಕ್ರ ಅಲುಗಲಿಲ್ಲ. ಮೊಳೆ ಹೊಡೆದ ಹಾಗೆ ನಿಂತಿತ್ತು!

ಮಧ್ಯಾಹ್ನ ಪಾಸಾದವರ ಹೆಸರು ಹಾಕಿದರು, ಚಿಕ್ಕಮ್ಮನದೂ ಇತ್ತು. ಸಂಜೆ ಅವಳು ಮಂಚದ ಕೆಳಗಿಂದ ಬ್ಯಾಗು ಎಳೆದಳು. ಚಿಕ್ಕಪ್ಪ ಗ್ರೀಸು ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದ.

“ಬ್ರೇಕು ಸಡಿಲ ಬಿಟ್ಟಿದ್ರೆ ನಾನ್ ಇಲ್ಲೇ ಬಿದ್ದಿರ್ತಿದ್ದೆ. ಯಾಕ್ ಬಿಡ್ಲಿಲ್ಲ?”

“ಅದು ಬಸ್ಸು ಕಣೇ. ನಮ್ ಜಗಳ ಅದಕ್ಕೇನ್ ಗೊತ್ತು?”

ಚಿಕ್ಕಮ್ಮ ಬ್ಯಾಗಿನ ಮೇಲೆಯೇ ಕೂತಳು. ನಾನು ಅಡುಗೆಮನೆಯಿಂದ ಇಣುಕಿದೆ.

“ಇನ್ನೊಂದ್ ಸಲ ‘ಹೊರಡು’ ಅನ್ನಿ, ಆ ಕ್ಷಣಾನೇ ಹೊರಡ್ತೀನಿ. ಎಲ್ಲಿಗೆ ಅಂತ ಇನ್ಮೇಲೆ ಕೇಳೋ ಹಾಗಿಲ್ಲ.”

“ಹೂಂ.”

ಬ್ಯಾಗು ಮತ್ತೆ ಮಂಚದ ಕೆಳಗೆ ಹೋಯಿತು. ಆ ಮಾತು ಅವನ ಬಾಯಲ್ಲಿ ಮತ್ತೆ ಬಂದಿಲ್ಲ. ಅವಳು ಬ್ಯಾಗು ಬಿಚ್ಚಿಯೂ ಇಲ್ಲ.